ಒಂದು ತೊಟ್ಟು ಜೇನು

ಮಗು ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಜೇನೂ ಬಂತು.

ಹೊಂಗೆ ಹೂವಿನ ಕಾಲ. ಮಧ್ಯಾಹ್ನ ಅಂಗಳದಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದ ಆಶಾರಾಣಿಗೆ ದೂರದಲ್ಲಿ ಲಾರಿ ಏರು ಹತ್ತುತ್ತಿರುವಂಥ ಸದ್ದು ಕೇಳಿತು. ತಲೆಯೆತ್ತಿದರೆ ಮಧುಗಿರಿ ಬೆಟ್ಟದ ಕಡೆಯಿಂದ, ಯಾರೋ ಮೊರದಲ್ಲಿ ರಾಗಿ ಹೊಟ್ಟು ತೂರಿದ ಹಾಗೆ, ಕಪ್ಪು ಮೋಡವೊಂದು ಸುತ್ತಿಕೊಂಡು ಬರುತ್ತಿತ್ತು. ಎದುರುಮನೆಯ ತೆಂಗಿನಮರ ಬಿಟ್ಟಿತು, ಪಕ್ಕದ ಮನೆಯ ನೀರಿನ ಟ್ಯಾಂಕು ಬಿಟ್ಟಿತು, ನೇರವಾಗಿ ಇವರ ಮಹಡಿ ಕೋಣೆಯ ಕಿಟಕಿ ಮೇಲಿನ ಸಿಮೆಂಟು ಸಜ್ಜೆಯ ಕೆಳಕ್ಕೆ ಬಂದು ಅಂಟಿಕೊಂಡಿತು. ಸಂಜೆಯ ಹೊತ್ತಿಗೆ ಅಲ್ಲಿ ಒದ್ದೆ ಕಂಬಳಿ ನೇತುಹಾಕಿದಂತಿತ್ತು. ಕಂಬಳಿ ಉಸಿರಾಡುತ್ತಿತ್ತು.

ಆ ಕಿಟಕಿಯ ಒಳಗೇ ಅವಳ ಮಗಳು ಅನುಷಾ, ಹಸಿ ಬಾಣಂತಿ, ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಿದ್ದಳು.

"ಹೆಜ್ಜೇನು ಕಣ್ರೀ, ಯಾರನ್ನಾದ್ರೂ ಕರೆಸಿ ಬಿಡಿಸ್ಬುಡಿ," ಎಂದು ಆಶಾರಾಣಿ ಗಂಡ ರಂಗರಾಜುಗೆ ಹೇಳುವಷ್ಟರಲ್ಲಿ ಅತ್ತೆ ಅಶ್ವತ್ಥಮ್ಮ ಕೋಲೂರಿಕೊಂಡು ಅಂಗಳಕ್ಕೆ ಬಂದು ಕೈಮುಗಿದಾಗಿತ್ತು.

"ಹೆಣ್ಣು ಕೂಸು ಬಂತು, ಹಿಂದೇಲೇ ಲಕ್ಷ್ಮಿ ಬಂದ್ಬುಟ್ಳು ನೋಡು. ಯಾರೂ ಕಲ್ಲೊಡೀಬ್ಯಾಡಿ, ಹೊಗೆ ಹಾಕ್ಬ್ಯಾಡಿ. ಅವಳಾಗೇ ಬಂದವ್ಳೆ, ಅವಳಾಗೇ ಹೋಯ್ತಾಳೆ."

"ಲಕ್ಷ್ಮಿಗೆ ಕೊಂಡಿ ಇರುತ್ತಾ ಅಜ್ಜಿ?" ಮಹಡಿಯಿಂದ ಅನುಷಾ ಕೂಗಿದಳು.

"ಇರ್ತದೆ ಕಣೆ. ಮರ್ವಾದೆ ಕೊಡ್ದೋರ್ಗೆ ಚುಚ್ಚಾಕೆ."

"ಅವ್ವ ಹೇಳಿದ ಮ್ಯಾಲೆ ಮುಗೀತು," ಎಂದ ರಂಗರಾಜು. ಅವ್ವನ ಎದುರು ಅವನು ಇಲ್ಲ ಅಂದದ್ದನ್ನು ಆಶಾರಾಣಿ ಕಂಡಿರಲಿಲ್ಲ. ಎದುರಿಗೆ ಹೂಂ ಅನ್ನುವುದು, ಬೆನ್ನು ತಿರುಗಿದ ಮೇಲೆ ತನಗೆ ತೋಚಿದ್ದನ್ನು ಮಾಡುವುದು. ಯಾರಾದರೂ ಕೇಳಿದರೆ "ಏನೂ ಆಗಲ್ಲ ಬುಡು" ಅನ್ನುವುದು. ಐವತ್ತು ದಾಟಿದ ಮೇಲೂ ಅವನ ನಡವಳಿಕೆ ಅದೇ.

ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಗೊಬ್ಬರ, ಬಿತ್ತನೆ ಬೀಜ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಔಷಧಿಯೆಂದು ಬಾಯಲ್ಲಿ ಅಂದರೂ ಅದು ವಿಷವೆಂಬುದು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಅದರ ವಾಸನೆ, ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಸುರಿದಂಥದ್ದು, ಅವನ ಅಂಗಿಯಲ್ಲಿ, ಕಂಕುಳಲ್ಲಿ, ಉಗುರಿನ ಸಂದಿಯಲ್ಲಿ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನ ಅಂಗಿ ಒಗೆಯುತ್ತಾ ಆಶಾರಾಣಿ ವಾಂತಿ ಮಾಡಿಕೊಂಡಾಗ ಅತ್ತೆ ಸೊಸೆ ಬಸುರೆಂದು ಬೀದಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದರು. ಅಲ್ಲವೆಂದು ಹೇಳಲು ಅವಳಿಗೆ ನಾಚಿಕೆಯಾಗಿತ್ತು. ಆಮೇಲೆ ವಾಂತಿ ನಿಂತಿತು. ವಾಸನೆ ನಿಲ್ಲಲಿಲ್ಲ. ಹೆಂಗಸಿನ ಮೂಗು ಯಾವುದಕ್ಕಾದರೂ ಒಗ್ಗಿಹೋಗುತ್ತದೆ ಅಂತ ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಜೇನಿಗೆ ಮಾತ್ರ ಯಾರೂ ಒಗ್ಗಲಿಲ್ಲ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಒಳಗೆ ಬೆಳ್ಳುಳ್ಳಿ, ಸಾಂಬ್ರಾಣಿ, ಒಡೆದ ಹಾಲು, ಬೆವರು ಎಲ್ಲ ಸೇರಿ ಗಾಳಿ ಗಟ್ಟಿಯಾಗಿ ಕೈಗೆ ಸಿಗುವಂತಿತ್ತು. ದೀಪ ಹಾಕಿದರೆ ಸಾಕು, ಯಾವ ಸಂದಿಯಿಂದಲೋ ನಾಲ್ಕು ಹುಳ ನುಗ್ಗಿ ಟ್ಯೂಬ್‌ಲೈಟಿಗೆ ಹೊಡೆದುಕೊಂಡು ಹಾಸಿಗೆಯ ಮೇಲೆ ಬಿದ್ದು ಗಿರಗಿರ ತಿರುಗುತ್ತಿದ್ದವು. ಅನುಷಾ ಮಗುವನ್ನು ಎದೆಗೆ ಒತ್ತಿಕೊಂಡು ಕತ್ತಲಲ್ಲೇ ಹಾಲೂಡಿಸುವುದನ್ನು ಕಲಿತಳು. ಎಲ್ಲಕ್ಕಿಂತ ಆಶಾರಾಣಿಗೆ ಅಸಹ್ಯವಾಗುತ್ತಿದ್ದುದು ಬಟ್ಟೆ. ಕೂಸಿನ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಉಜ್ಜಿ, ಹಾಲಿನಂತೆ ಮಾಡಿ ತಾರಸಿಯ ಮೇಲೆ ಒಣಹಾಕಿದರೆ, ತೆಗೆಯುವ ಹೊತ್ತಿಗೆ ಅದರ ತುಂಬ ಸಾಸಿವೆಗಾತ್ರದ ಹಳದಿ ಚುಕ್ಕೆ. ಜೇನು ಹಾರುವಾಗ ಹೇತದ್ದು. ಉಗುರಲ್ಲಿ ಕೆರೆದರೆ ಪಿಚ್ಚನೆ ಅಂಟುತ್ತಿತ್ತು. ಮತ್ತೆ ಒಗೆಯಬೇಕು.

"ಲಕ್ಷ್ಮಿ ಅರಿಶಿನ ಚೆಲ್ತಾವ್ಳೆ ಅನ್ಕೊಂಬುಡು," ಎಂದರು ಅಶ್ವತ್ಥಮ್ಮ. ಅವರು ಶುಕ್ರವಾರ ಶುಕ್ರವಾರ ಕಿಟಕಿಯ ಕೆಳಗಿನ ಗೋಡೆಗೆ ಕುಂಕುಮ ಇಡುತ್ತಿದ್ದರು.

ನಾಮಕರಣದ ದಿನ ಗೊತ್ತಾದ ಮೇಲೆ ರಂಗರಾಜುಗೂ ಬಿಸಿ ತಟ್ಟಿತು. ಸಿರಾದಿಂದ ಅಳಿಯ ನವೀನ್ ಕುಮಾರ್ ಮತ್ತು ಅವನ ಕಡೆಯ ಬೀಗರು ಬರುವವರು. ಮನೆ ಮುಂದೆ ಶಾಮಿಯಾನ, ಪಕ್ಕದಲ್ಲೇ ಅಡಿಗೆಯ ಒಲೆ. ಹೊಗೆ ಮೇಲೆದ್ದರೆ ಹೆಜ್ಜೇನು ಕೆಳಗಿಳಿಯುತ್ತದೆ. ಅದು ಎದ್ದರೆ ಬೀಗರು ಎಲೆ ಬಿಟ್ಟು ಓಡಬೇಕಾಗುತ್ತದೆ.

"ಅವ್ವ, ಅದನ್ನ ಏನಾದ್ರೂ ಮಾಡ್ಲೇಬೇಕು ಕಣವ್ವ."

"ಏನ್ಮಾಡ್ತೀಯ? ಮನೆಗೆ ಬಂದೋಳ್ನ ಕತ್ತಿಡ್ದು ನೂಕ್ತೀಯ?" ಮುದುಕಿಯ ಕಣ್ಣಲ್ಲಿ ನೀರು ಬಂದಿತ್ತು. "ನಾನು ಸತ್ಮ್ಯಾಲೆ ಏನಾರ ಮಾಡ್ಕೊ."

ರಂಗರಾಜು ಒಂದು ದಿನ ಯೋಚಿಸಿದ. ಮಾರನೆಯ ದಿನ ಅವನ ಮುಖ ತಿಳಿಯಾಗಿತ್ತು. "ಗೊರವನಹಳ್ಳಿಗೆ ಹೋಗಿ ಲಕ್ಷ್ಮೀನೇ ಕೇಳ್ಕೊಂಡ್ರೆ? ತಾಯಿ, ಕೂಸಿನ ನಾಮಕರಣ ಐತೆ, ಒಂಚೂರು ಜಾಗ ಬಿಡವ್ವ ಅಂತ. ಎಲ್ಲ ಹೆಂಗಸ್ರೂ ಹೋಗ್ಬನ್ನಿ. ಕೂಸಿಗೂ ಮೊದಲ ದರ್ಶನ ಆಯ್ತದೆ. ಬರೋವಾಗ ಪುರವರದಾಗೆ ಅಕ್ಕನ ಮನೇಲಿ ಇದ್ದು, ಬೆಳಿಗ್ಗೆ ಅಕ್ಕನ್ನೂ ಕರ್ಕೊಂಡೇ ಬನ್ನಿ. ನಾನು ಬರಾಕಾಗಲ್ಲ, ಅಂಗಡಿಗೆ ಮಾಲು ಬತ್ತದೆ."

ಅಶ್ವತ್ಥಮ್ಮ ಮಗನ ತಲೆ ಸವರಿ ಬೆರಳು ನೆಟಿಗೆ ಮುರಿದರು. ಆಶಾರಾಣಿಗೂ ಒಂದು ಕ್ಷಣ ಗಂಡ ಒಳ್ಳೆಯವನಂತೆಯೇ ಕಂಡ.

ಹೋದರು. ಶುಕ್ರವಾರದ ನೂಕುನುಗ್ಗಲಿನಲ್ಲಿ ನಿಂತು, ಮಗುವನ್ನು ಲಕ್ಷ್ಮಿಯ ಎದುರು ಎತ್ತಿ ಹಿಡಿದರು. ಪುರವರದಲ್ಲಿ ರಂಗರಾಜುವಿನ ಅಕ್ಕ ಚಿಕ್ಕಹನುಮಕ್ಕ ಕೋಳಿಸಾರು ಮಾಡಿ ಕಾದಿದ್ದಳು. ದಪ್ಪ ಮೈ, ದೊಡ್ಡ ಗಂಟಲು, ಏನು ಕೆಲಸಕ್ಕೂ ಸೆರಗು ಕಟ್ಟಿ ನಿಲ್ಲುವ ಹೆಂಗಸು. ಬೆಳಿಗ್ಗೆ ಎಲ್ಲರೂ ಮಧುಗಿರಿಗೆ ಬಂದು ಗೇಟು ತೆಗೆದರೆ ಸಜ್ಜೆಯ ಕೆಳಗೆ ಖಾಲಿ.

ಖಾಲಿ ಅಂದರೆ ಹುಳ ಇರಲಿಲ್ಲ. ಜೇನುಹಟ್ಟಿ ಮಾತ್ರ ಬೆತ್ತಲೆಯಾಗಿ, ಅರ್ಧಚಂದ್ರದ ಹಾಗೆ ಬೆಳ್ಳಗೆ ತೂಗುತ್ತಿತ್ತು.

ಅಶ್ವತ್ಥಮ್ಮ ಬೀದಿಯಲ್ಲೇ ಅಡ್ಡಬಿದ್ದರು. "ತಾಯೀ, ಕೇಳುಸ್ಕೊಂಡ್ಯಲ್ಲವ್ವ!"

"ಬೆಳಗಿನ ಜಾವ ಗುಂಯ್ ಅಂತ ಸದ್ದಾತು," ಎಂದ ಬಾಗಿಲಲ್ಲಿ ನಿಂತಿದ್ದ ರಂಗರಾಜು. "ಎದ್ದು ನೋಡೋ ಹೊತ್ಗೆ ಬೆಟ್ಟದ ಕಡಿಕೆ ಹೊಂಟೋಗಿತ್ತು." ಅವನು ಆಗಲೇ ತಲೆಗೆ ಎರೆದುಕೊಂಡಿದ್ದ. ಮಹಡಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿತ್ತು.

"ಹೋಗೋವಾಗ ಪರಿಮಳ ಬುಟ್ಟೋಗವ್ಳೆ," ಎಂದರು ಅಶ್ವತ್ಥಮ್ಮ.

ಆಶಾರಾಣಿ ಕೋಣೆಯ ನಡುವೆ ನಿಂತಳು. ಮೂಗಿಗೆ ಮೊದಲು ಸಾಂಬ್ರಾಣಿ ಬಂತು. ಅದರ ಅಡಿಯಿಂದ, ಕಂಬಳಿಯಡಿಯಿಂದ ಕಾಲು ಚಾಚಿದ ಹಾಗೆ, ಇನ್ನೊಂದು ವಾಸನೆ ಬಂತು. ಕಿಟಕಿಯ ಸರಳನ್ನು ಮುಟ್ಟಿದಳು. ಅಂಟು. ತೊಟ್ಟಿಲ ಹಗ್ಗದ ಮೇಲೆ ಎಣ್ಣೆ ಹರಿದಂತೆ ಒಂದು ಗೆರೆ ಇಳಿದಿತ್ತು. ಅವಳು ಮಗಳನ್ನೂ ಮಗುವನ್ನೂ ಕೆಳಗಿನ ಕೋಣೆಗೆ ಕಳಿಸಿದಳು. ಮೇಲೆ ಸೆಖೆ, ಕೆಳಗೇ ಇರಿ ಅಂದಳು. ತೊಟ್ಟಿಲನ್ನು ತಾರಸಿಗೆ ಎಳೆದು ಸೋಪುನೀರಲ್ಲಿ ಉಜ್ಜಿದಳು, ಹಗ್ಗವನ್ನು ಬಿಸಾಡಿದಳು, ಹಾಸಿಗೆಯನ್ನು ಬಿಸಿಲಿಗೆ ಎಳೆದಳು.

ನೀರು ಚೆಲ್ಲಲು ಹಿತ್ತಲಿಗೆ ಹೋದಾಗ ಚರಂಡಿಯ ಬಾಯಿಗೆ ಅಡ್ಡಲಾಗಿ ಒಂದು ಗೋಣಿಚೀಲ ಕಂಡಿತು. ಬಾಯಿ ಕಟ್ಟಿದ್ದ ದಾರ ಸಡಿಲವಾಗಿತ್ತು. ಕಾಲಲ್ಲಿ ತಳ್ಳಿದಳು. ಒಳಗಿನಿಂದ ಹುಳಗಳು ಹುರಿದ ಕಾಳಿನಂತೆ ಉದುರಿದವು, ಕೈಬೊಗಸೆ ತುಂಬ, ಆಮೇಲೆ ಮೊರದ ತುಂಬ. ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಬಗ್ಗಿ ನೋಡಿದಳು. ಎಲ್ಲದರ ನಾಲಿಗೆಯೂ ಹೊರಗೆ ಚಾಚಿತ್ತು. ಇಷ್ಟು ಸಣ್ಣ ಜೀವಕ್ಕೂ ನಾಲಿಗೆ ಇರುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಉದುರಿದ ಹುಳಗಳನ್ನು ಮತ್ತೆ ಚೀಲಕ್ಕೆ ತುಂಬಿ ಬಾಯಿ ಬಿಗಿದಳು. ಕೂಸು ಮಲಗುವ ಕೋಣೆಯಲ್ಲಿ ನಿಂತು, ಕೂಸಿನ ಕಿಟಕಿಯಿಂದ, ಗಂಡ ಅಂಗಡಿಯ ಸ್ಪ್ರೇಯರಿನ ನಳಿಗೆಯನ್ನು ಹೊರಗೆ ಚಾಚಿ ಹೊಡೆದಿದ್ದಾನೆ. ಹೂ ಇರುವಾಗ ಹೊಡೆಯಬೇಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳಿರುವ ಕಡೆ ಇಡಬೇಡಿ ಎಂದು ದಿನಕ್ಕೆ ಹತ್ತು ಜನ ರೈತರಿಗೆ ಹೇಳುವ ಬಾಯಿ ಅವನದು.

ಅವಳು ಮುಂಬಾಗಿಲಿಗೆ ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಚಿಕ್ಕಹನುಮಕ್ಕ ಉದ್ದನೆಯ ಬಿದಿರು ಗಳುವಿಗೆ ಕುಡುಗೋಲು ಕಟ್ಟಿ, ಅಂಗಳದಿಂದಲೇ ಹಟ್ಟಿಯನ್ನು ಕೊಯ್ದು, ಮುಸುರೆ ಬಾನಿಯೊಳಗೆ ಹಾಕಿಕೊಂಡು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಬುಟ್ಟೋಗೋ ಜೇನು ಒಂದು ತೊಟ್ಟೂ ಉಳಿಸ್ದಂಗೆ ಕುಡ್ಕೊಂಡು ಹೋಯ್ತದೆ ಕಣವ್ವ," ಎನ್ನುತ್ತಿದ್ದಳು ತಾಯಿಗೆ. "ಬರೀ ಒಣ ಹಟ್ಟಿ ಉಳ್ಕಂತದೆ. ಇದ್ಯಾಕೆ ಇಂಗೆ ಮೈತುಂಬ ಬುಟ್ಟೋಗೈತೆ? ಮರಿ ಸಮೇತ?"

"ಕೂಸಿಗೆ ಅಂತ ಬುಟ್ಟೋಗವ್ಳೆ ಕಣೆ," ಎಂದರು ಅಶ್ವತ್ಥಮ್ಮ. ಅವರ ಮುಖ ಬೆಳಗುತ್ತಿತ್ತು. "ನಾಮಕರಣದ ದಿನ ನಾಲಿಗೆಗೆ ಮುಟ್ಟಿಸ್ಲಿ ಅಂತ. ಅಂಗಡಿ ಬಾಟ್ಲೀದು ಬ್ಯಾಡ, ನಂದೇ ಕೊಡ್ತೀನಿ ಅಂತ."

"ಅತ್ತೆ, ಕೂಸಿಗೆ ಜೇನು ಬೇಡ ಅಂತ ಆಸ್ಪತ್ರೆಲಿ ನರ್ಸಮ್ಮ ಹೇಳವ್ರೆ," ಎಂದಳು ಆಶಾರಾಣಿ.

"ಆ ನರ್ಸಮ್ಮನಿಗೆ ಅವಳವ್ವ ನೆಕ್ಸಿರ್ಲಿಲ್ವಾ ಕೇಳು. ನಿನ್ ಗಂಡಂಗೆ ನಾನೇ ಉಂಗುರದಾಗೆ ಮುಟ್ಟಿಸಿದ್ದು. ಏನಾಗವ್ನೆ? ಗುಂಡುಕಲ್ಲಂಗೆ ಇಲ್ವಾ?"

ಚಿಕ್ಕಹನುಮಕ್ಕ ತಮ್ಮನ ಹಳೆಯ ಪಂಚೆಯೊಂದರಲ್ಲಿ ಹಟ್ಟಿಯ ತುಂಡುಗಳನ್ನು ಸುತ್ತಿ ಎರಡೂ ಕೈಯಿಂದ ಹಿಂಡಿದಳು. ಮೇಲ್ಗಡೆಯ ದಪ್ಪ ಭಾಗದಲ್ಲಿ ಜೇನು, ಕೆಳಗಡೆ ಮರಿ. ಅವಳು ಅಷ್ಟು ನೋಡಿ ಬಿಡಿಸುವವಳಲ್ಲ. ಹಿಂಡಿದಂತೆ ಜೇನಿನ ಜೊತೆ ಬಿಳಿ ಮರಿಹುಳಗಳು ಒಡೆದು ಹಾಲಿನಂಥ ರಸ ಪಂಚೆಯ ನೂಲಿನಿಂದ ನುಸುಳಿ ಬಂತು. ಬೆರಳ ಸಂದಿಯಲ್ಲಿ ಅರ್ಧ ಹುಳ ಅಂಟಿಕೊಂಡಿತ್ತು. ಅವಳು ಅದನ್ನು ಪಂಚೆಗೇ ಒರೆಸಿದಳು. ಇದೇ ಪಂಚೆಯನ್ನು ಉಟ್ಟು ರಂಗರಾಜು ಎಷ್ಟು ಬೇಸಿಗೆ ಮಲಗಿದ್ದನೋ ಎಂದು ನೆನೆದು ಆಶಾರಾಣಿ ಮುಖ ತಿರುಗಿಸಿದಳು.

"ನಿನ್ ಗಂಡನ್ ಕತೆ ಗೊತ್ತಾ ಆಶಾ?" ಚಿಕ್ಕಹನುಮಕ್ಕ ಹಿಂಡುತ್ತಲೇ ನಗತೊಡಗಿದಳು. "ಚಿಕ್ಕೋನಿದ್ದಾಗ ಕೆಮ್ಮು ಬಂದ್ರೆ ಅವ್ವ ಜೇನಾಗೆ ಕಾಳುಮೆಣಸು ಕಲಸಿ ಇಡೋಳು. ಈ ಕಳ್ಳ ಏನ್ಮಾಡೋನು ಅಂದ್ರೆ, ಈ ಬೆರಳು ಅದ್ದೋದು, ಪಕ್ಕದ ಬೆರಳು ಚೀಪೋದು. ಆಹಾ ಸಿಹಿ ಅನ್ನೋದು! ಅವ್ವಂಗೆ ಕೆಮ್ಮು ಯಾಕ್ ವಾಸಿ ಆಗಲ್ಲ ಅಂತ ತಿಳೀದು. ಅದ್ದಿದ ಬೆರಳ್ನ ಚಡ್ಡಿಗೆ ಒರಸ್ಕೊಳ್ಳೋನು. ಚಡ್ಡಿಗೆ ಇರುವೆ ಹತ್ಕೊಂಡ ಮ್ಯಾಲೆ ಸಿಕ್ಕಾಕ್ಕೊಂಡ!"

ಅಶ್ವತ್ಥಮ್ಮನೂ ನಕ್ಕರು. ಒಳಗಿನಿಂದ ರಂಗರಾಜುವೂ ನಕ್ಕ. ಹಿಂಡಿದ ಜೇನನ್ನು ಗಾಜಿನ ಭರಣಿಗೆ ತುಂಬಿ, ಕೊರಳಿಗೆ ಅರಿಶಿನದ ದಾರ ಕಟ್ಟಿ, ಅಶ್ವತ್ಥಮ್ಮ ಅದನ್ನು ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟದ ಮುಂದೆ ಇಟ್ಟರು.

ಅಂಗಡಿಗೆ ಹೊರಟ ಗಂಡನನ್ನು ಆಶಾರಾಣಿ ಹಿತ್ತಲಿಗೆ ಕರೆದಳು. ಗೋಣಿಚೀಲವನ್ನು ಕಾಲಿಂದ ತೋರಿಸಿದಳು.

ಅವನು ಗಾಬರಿಯಾಗಲಿಲ್ಲ. ಅಡಿಕೆ ಜಗಿಯುತ್ತಿದ್ದವನು ಚರಂಡಿಗೆ ಉಗಿದು, "ಮೆಲ್ಲಗೆ ಮಾತಾಡೆ," ಎಂದ.

"ಕೂಸಿನ ಕೋಣೇಲಿ ನಿಂತು ಹೊಡೆದ್ರಾ?"

"ಇನ್ನೆಲ್ಲಿಂದ ಹೊಡೀಲಿ? ಆಮೇಲೆ ಒರೆಸಿದೀನಿ, ಸಾಂಬ್ರಾಣಿ ಹಾಕಿದೀನಿ. ಬೀಗರ ಮುಂದೆ ಜೇನೆದ್ದು ಯಾರ್ಗಾದ್ರೂ ಏನಾದ್ರೂ ಆಗಿದ್ರೆ?"

"ಹೊಡೆದದ್ದು ಹೊಡೆದ್ರಿ. ಆ ಜೇನು ಕೂಸಿನ ಬಾಯಿಗೆ ಹೋಗ್ತದೆ. ಅತ್ತೆಗೆ ಹೇಳಿ."

"ಅವ್ವಂಗೆ ಹೇಳಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ. ನಾನೇ ಗೊರವನಹಳ್ಳಿಗೆ ಕಳ್ಸಿ, ನಾನೇ ಇಂಗ್ ಮಾಡ್ದೆ ಅಂತ ಹೆಂಗೇಳ್ಲಿ?" ಅವನು ಸುತ್ತ ನೋಡಿದ. "ಜೇನು ಒಳಗಡೆ ಮೇಣ ಮುಚ್ಕೊಂಡಿರ್ತದೆ ಕಣೆ. ಮೇಲ್ಮೇಲೆ ಬಿದ್ದಿರೋದು. ಉಂಗುರದ ತುದೀಲಿ ಒಂದು ತೊಟ್ಟು. ಏನೂ ಆಗಲ್ಲ."

ಆಶಾರಾಣಿ ಅವನ ತುಟಿಯಂಚಿನಲ್ಲಿದ್ದ ಅಡಿಕೆ ಚೂರನ್ನು ನೋಡಿದಳು. "ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ."

"ಆಯ್ತು ಮಾರಾಯ್ತಿ. ಬೇರೆ ಜೇನು ತಂದು ಭರಣೀಲಿ ಬದಲಾಯಿಸ್ಬುಡ್ತೀನಿ. ಅವ್ವ ಮಲಗಿದ್ದಾಗ. ಅವ್ಳಿಗೇನ್ ಗೊತ್ತಾಯ್ತದೆ? ನೀನು ಮಾತ್ರ ಭರಣಿ ತಂಟೆಗೆ ಹೋಗ್ಬ್ಯಾಡ, ದಾರ ಬಿಚ್ಚಿ ಸಿಕ್ಕಾಕ್ಕೋತೀಯ. ಆಯ್ತಾ?"

ಆ ಮಾತಿಗೆ ಅವಳು ಒಪ್ಪಿದಳು. ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ ಕಣ್ಣಲ್ಲೇ ಕೇಳಿದಳು. ಅವನು ಅನ್ನ ಕಲಸುತ್ತಾ, "ಹೂಂ, ಆಯ್ತು. ತಲೆ ಕೆಡಿಸ್ಕೋಬ್ಯಾಡ," ಎಂದ. ಭರಣಿಯ ದಾರದ ಗಂಟು ಮೊದಲಿದ್ದ ಕಡೆಯೇ ಇದ್ದಂತೆ ಅವಳಿಗೆ ಕಂಡಿತು. ಆದರೆ ಗಂಟನ್ನು ಹಾಗೇ ಕಟ್ಟಲು ಅವನಿಗೆ ಬಾರದೆ? ಸುಳ್ಳಿನ ಕೆಲಸದಲ್ಲಿ ಅವನ ಕೈ ಯಾವತ್ತೂ ಅಚ್ಚುಕಟ್ಟು. ನಂಬಬೇಕು ಅಂದುಕೊಂಡಳು. ಅಷ್ಟೂ ನಂಬದಿದ್ದರೆ ಇಷ್ಟು ವರ್ಷ ಯಾರ ಪಕ್ಕದಲ್ಲಿ ಮಲಗಿದ್ದೆ ಎಂಬ ಪ್ರಶ್ನೆ ಏಳುತ್ತಿತ್ತು. ಆ ಪ್ರಶ್ನೆಯ ಹತ್ತಿರ ಹೋಗಲು ಅವಳಿಗೆ ಇಷ್ಟವಿರಲಿಲ್ಲ.

ನಾಮಕರಣದ ದಿನ ಶಾಮಿಯಾನದ ಅಡಿ ಜನ ತುಂಬಿದರು. ಬೀಗಿತ್ತಿ ಸಿರಾದಿಂದ ಬೆಳ್ಳಿ ಬಟ್ಟಲು ತಂದಿದ್ದರು. ಅಶ್ವತ್ಥಮ್ಮ ಭರಣಿಯ ದಾರ ಬಿಚ್ಚಿ ಬಟ್ಟಲಿಗೆ ಜೇನು ಬಗ್ಗಿಸುತ್ತಾ, ಲಕ್ಷ್ಮಿ ಬಂದ ಕತೆ, ಹೋದ ಕತೆ, ಕೂಸಿಗೆಂದು ಜೇನು ಬಿಟ್ಟುಹೋದ ಕತೆಯನ್ನು ಹೇಳಿದರು. ಬೀಗಿತ್ತಿ ಕಣ್ಣಿಗೊತ್ತಿಕೊಂಡರು. "ನಮ್ಮ ಕೂಸು ಪುಣ್ಯವಂತೆ. ಮುತ್ತಜ್ಜಿ ಕೈಯಿಂದ್ಲೇ ಆಗ್ಲಿ ಕಣ್ರೀ."

ಅನುಷಾ ಹಸೆಮಣೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ನವೀನ್ ಕುಮಾರ್. ಮಗು ಅವಳ ಮಡಿಲಲ್ಲಿ. ಆಶಾರಾಣಿ ಮಗುವಿನ ತಲೆಗೆ ಕೈ ಕೊಟ್ಟು ಬಗ್ಗಿದ್ದಳು. ಬಟ್ಟಲು ಹತ್ತಿರ ಬಂತು. ಆಗ ಅವಳಿಗೆ ಆ ವಾಸನೆ ಬಂತು.

ಬಟ್ಟಲಿನಿಂದ ಬಂತೇ? ರಂಗರಾಜು ಬೆನ್ನ ಹಿಂದೆಯೇ ನಿಂತಿದ್ದ, ಹೊಸ ಪಂಚೆ, ಶಲ್ಯ, ಸೆಂಟು. ಅವನ ಮೈಯಿಂದ ಬಂತೇ? ಅವಳು ಉಸಿರೆಳೆದಳು. ಗೊತ್ತಾಗಲಿಲ್ಲ. ಮೂವತ್ತು ವರ್ಷದಿಂದ ಆ ವಾಸನೆ ಅವಳ ಮೂಗಿನಲ್ಲೇ ಮನೆ ಮಾಡಿಕೊಂಡಿತ್ತು; ಈಗ ಬೇಕಾದ ಹೊತ್ತಿನಲ್ಲಿ ಅದು ಎಲ್ಲಿಂದ ಬರುತ್ತಿದೆಯೆಂದು ಹೇಳಲು ಅವಳಿಗೆ ಆಗುತ್ತಿರಲಿಲ್ಲ.

ಅಶ್ವತ್ಥಮ್ಮ ಉಂಗುರ ಅದ್ದಿದರು. ಮಗು ಏನೋ ಬರುತ್ತಿದೆಯೆಂದು ತಿಳಿದವರಂತೆ ಬಾಯಿ ತೆರೆದು ಪುಟ್ಟ ನಾಲಿಗೆಯನ್ನು ಹೊರಗೆ ಚಾಚಿತು.

"ಅತ್ತೆ, ತಡೀರಿ."

ಎಲ್ಲರೂ ಅವಳನ್ನು ನೋಡಿದರು.

"ತಾತ ಮೊದಲು ರುಚಿ ನೋಡ್ಲಿ. ನಮ್ಮ ತವರಿನ ಕಡೆ ಹಂಗೇ ಶಾಸ್ತ್ರ. ಮನೆ ಯಜಮಾನ ನೆಕ್ಕಿದ ಮೇಲೇ ಕೂಸಿಗೆ."

"ಅದ್ಯಾವ ಶಾಸ್ತ್ರವೇ? ನಿನ್ ಮದುವೆಯಾಗಿ ಇಷ್ಟ್ ವರ್ಷ ಆದ್ಮ್ಯಾಲೆ ಇವತ್ತು ನೆಪ್ಪಾತಾ?" ಅಶ್ವತ್ಥಮ್ಮನ ಉಂಗುರ ಗಾಳಿಯಲ್ಲೇ ನಿಂತಿತು.

"ಒಳ್ಳೇ ಶಾಸ್ತ್ರವೇ ಕಣ್ರೀ," ಎಂದರು ಬೀಗಿತ್ತಿ. "ನೆಕ್ಲಿ ಬುಡಿ, ಬೀಗರಿಗೂ ಬಾಯಿ ಸಿಹಿ ಆಗ್ಲಿ."

ಜನ ನಕ್ಕರು. ಆಶಾರಾಣಿ ಬಟ್ಟಲನ್ನು ಎತ್ತಿ ಗಂಡನ ಎದೆಯ ಮಟ್ಟಕ್ಕೆ ಹಿಡಿದಳು. ಬದಲಾಯಿಸಿದ್ದರೆ ನೆಕ್ಕುತ್ತಾನೆ, ಅಷ್ಟೇ. ನೆಕ್ಕಲಿ ದೇವರೇ ಎಂದು ಅವಳು ನಿಜವಾಗಿ ಬೇಡಿಕೊಂಡಳು. ನೆಕ್ಕಿಬಿಡಲಿ, ನಾನೇ ಅನುಮಾನದ ಹೆಂಗಸು ಅಂತಾಗಲಿ.

ರಂಗರಾಜು ಅವಳ ಕಣ್ಣು ನೋಡಲಿಲ್ಲ. ಬಟ್ಟಲು ನೋಡಿದ. ಆಮೇಲೆ ಬೀಗರ ಕಡೆ ತಿರುಗಿ ಮುಖದ ತುಂಬ ನಗು ತಂದುಕೊಂಡು, ತೋರುಬೆರಳನ್ನು ಜೇನಿಗೆ ಅದ್ದಿದ. ಕೈ ಮೇಲೆತ್ತಿ ಬಾಯಿಗೆ ಹಾಕಿ ಚೀಪಿದ.

"ಆಹಾ! ಸಿಹಿ ಅಂದ್ರೆ ಸಿಹಿ!"

ಅವನು ಚೀಪಿದ್ದು ನಡುಬೆರಳು. ತೋರುಬೆರಳು ಮಡಿಸಿಕೊಂಡು ಗದ್ದದ ಪಕ್ಕದಲ್ಲಿತ್ತು. ಅದರಿಂದ ಜೇನಿನ ಒಂದು ಎಳೆ ಇಳಿಯುತ್ತಿತ್ತು.

ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಚಿಕ್ಕಹನುಮಕ್ಕನ ನಗು ಅರ್ಧಕ್ಕೆ ನಿಂತಿತು. "ಲೇ ರಂಗ..." ಎಂದಳು ಅವಳು.

ಆಶಾರಾಣಿ ಬಟ್ಟಲನ್ನು ಕೆಳಗಿಟ್ಟು ಗಂಡನ ಮಣಿಕಟ್ಟು ಹಿಡಿದಳು. ನಾಲ್ಕು ಜನರ ಎದುರು ಅವಳು ಅವನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಇವತ್ತೇ. ಮಡಿಸಿದ ಬೆರಳನ್ನು ಬಿಡಿಸಿ ನೆಟ್ಟಗೆ ಮಾಡಿದಳು. "ಇದು. ಇದನ್ನ ನೆಕ್ಕಿ."

"ಬುಡೆ, ಏನಿದು ಮಕ್ಕಳಾಟ!"

"ನೆಕ್ಕಿ."

ರಂಗರಾಜು ಬೆರಳನ್ನು ನೋಡಿದ. ಬೆವರಿನ ವಾಸನೆ ಅವನ ಸೆಂಟನ್ನು ಮೀರಿ ಬಂತು. ಅವನು ಕೈ ಕಿತ್ತುಕೊಂಡು ಬೆರಳನ್ನು ಹೊಸ ಪಂಚೆಗೆ ಒರೆಸಿಕೊಂಡ. ಒಮ್ಮೆ ಒರೆಸಿದ್ದು ಸಾಲದೆ ಮತ್ತೊಮ್ಮೆ ಒರೆಸಿಕೊಂಡ. "ಒಂದು ತೊಟ್ಟಿಗೆ ಏನೂ ಆಗಲ್ಲ ಕಣವ್ವ," ಎಂದ ತಾಯಿಗೆ.

ತಾಯಿ ಅವನನ್ನು ಏನೂ ಕೇಳಿರಲಿಲ್ಲ.

"ಏನಾಗಿದೆ ಅತ್ತೆ ಜೇನಿಗೆ?" ನವೀನ್ ಕುಮಾರ್ ಎದ್ದು ನಿಂತಿದ್ದ.

"ಔಷಧಿ ಬಿದ್ದಿದೆ. ನಿಮ್ಮ ಮಾವನೇ ಹೊಡೆದದ್ದು, ನಾವೆಲ್ಲ ಗೊರವನಹಳ್ಳಿಗೆ ಹೋಗಿದ್ದಾಗ. ಜೇನು ಬದಲಾಯಿಸಿದೀನಿ ಅಂತ ನನಗೆ ಹೇಳಿದ್ರು."

ಅನುಷಾ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು, ಅಪ್ಪನ ಕಡೆ ನೋಡದೆ. ಒಲೆಯ ಕಡೆಯಿಂದ ಒಗ್ಗರಣೆ ಸೀದ ವಾಸನೆ ಬಂತು.

ಅಶ್ವತ್ಥಮ್ಮ ಕೈಯಲ್ಲಿದ್ದ ಉಂಗುರವನ್ನು ನೋಡುತ್ತಿದ್ದರು. ಆಮೇಲೆ ಬಹಳ ನಿಧಾನವಾಗಿ ಹೇಳಿದರು: "ಹುಳ ಕೊಂದೆ ಅಂತಲ್ಲ ಕಣ್ಲಾ. ನನ್ ಕೈಯಾಗೆ ಕೊಡುಸ್ತಿದ್ದೆಲ್ಲೋ. ನನ್ ಕೈಯಾಗೆ."

ಅವರು ತಂಬಿಗೆ ನೀರು ತರಿಸಿ ಉಂಗುರ ತೊಳೆದರು. ಹುಣಸೆಹಣ್ಣು ಹಾಕಿ ಉಜ್ಜಿ ಮತ್ತೆ ತೊಳೆದರು. ಕೈ ತೊಳೆದರು. ಶಾಸ್ತ್ರ ನಿಲ್ಲಬಾರದೆಂದು ಕಲ್ಲುಸಕ್ಕರೆ ನೆನೆಸಿದ ನೀರಿಗೆ ಉಂಗುರ ಅದ್ದಿ, ಅದನ್ನು ಮೊದಲು ತಾವು ನೆಕ್ಕಿ ಎಲ್ಲರಿಗೂ ಕಾಣುವಂತೆ ನುಂಗಿ, ಆಮೇಲೆ ಮಗುವಿನ ತುಟಿಗೆ ಮುಟ್ಟಿಸಿದರು. ಮಗು ಚಪ್ಪರಿಸಿತು. ಹೆಸರಿಟ್ಟರು. ಊಟಕ್ಕೆ ಹಾಕಿದರು. ಬೀಗರು ತಿಂದರು, ತಲೆ ತಗ್ಗಿಸಿಕೊಂಡು.

ಆಶಾರಾಣಿ ಬಟ್ಟಲನ್ನೂ ಭರಣಿಯನ್ನೂ ಗೋಣಿಚೀಲವನ್ನೂ ಹಿತ್ತಲಲ್ಲಿ ಆಳದ ಗುಂಡಿ ತೋಡಿ ಹೂತಳು. ಬೆಳ್ಳಿ ಬಟ್ಟಲು ಹೂಳಬೇಡವೆಂದು ಯಾರೂ ಅನ್ನಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ರಂಗರಾಜು ಪಂಚೆ ಕಳಚಿ ಕುರ್ಚಿಯ ಮೇಲೆ ಎಸೆದು, "ಬೀಗರ ಮುಂದೆ ನನ್ನ ಮಾನ ಕಳೆದ್ಯಲ್ಲೇ," ಎಂದ. "ಏನೂ ಆಗ್ತಿರ್ಲಿಲ್ಲ. ನಾನು ವ್ಯಾಪಾರ ಮಾಡೋನು, ನಂಗೆ ಗೊತ್ತಿಲ್ವಾ? ಸುಮ್ನೆ ದೊಡ್ಡದು ಮಾಡ್ದೆ." ಆಶಾರಾಣಿ ಹಾಸಿಗೆ ಸುತ್ತಿಕೊಂಡು ಮಗಳ ಕೋಣೆಗೆ ಹೋದಳು.

ಬೆಳಿಗ್ಗೆ ಒಗೆಯುವ ಬಟ್ಟೆ ಒಟ್ಟುಮಾಡುತ್ತಾ ಬಂದಾಗ ಕುರ್ಚಿಯ ಮೇಲಿನ ಪಂಚೆ ಕಂಡಿತು. ಅವನು ಬೆರಳು ಒರೆಸಿದ ಕಡೆ ಕಂದು ಕಲೆ ಗಟ್ಟಿಯಾಗಿತ್ತು. ಕುರ್ಚಿಯ ಕಾಲಿನಿಂದ ಹತ್ತಿದ ಇರುವೆಗಳ ಸಾಲು ಆ ಕಲೆಯವರೆಗೆ ಬಂದು ಅಲ್ಲೇ ಮುಗಿದಿತ್ತು. ಕಲೆಯ ಸುತ್ತ ಇರುವೆಗಳು ಕಾಲು ಮಡಿಸಿಕೊಂಡು, ಎಳ್ಳು ಚೆಲ್ಲಿದ ಹಾಗೆ, ಸತ್ತು ಬಿದ್ದಿದ್ದವು.

ಅವಳು ಪಂಚೆಯನ್ನು ಮುಟ್ಟಲಿಲ್ಲ. ಉಳಿದ ಬಟ್ಟೆ ಎತ್ತಿಕೊಂಡು ನಡೆದಳು.

"ಪಂಚೆ ಬಿಟ್ಟೋದ್ಯಲ್ಲೇ," ಬಾಯಲ್ಲಿ ಬ್ರಷ್ಷಿಟ್ಟುಕೊಂಡು ರಂಗರಾಜು ಕೂಗಿದ.

"ನೀವೇ ಒಗ್ಕೊಳ್ಳಿ," ಎಂದಳು ಆಶಾರಾಣಿ. "ಏನೂ ಆಗಲ್ಲ."

ಮಧ್ಯಾಹ್ನ ತಾರಸಿಗೆ ಹೋಗಿ ಕೂಸಿನ ಬಟ್ಟೆ ತೆಗೆದಳು. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲೂ ಒಂದು ಹಳದಿ ಚುಕ್ಕೆಯಿರಲಿಲ್ಲ. ಹಾಲಿನಂತೆ ಬೆಳ್ಳಗಿದ್ದವು. ಚುಕ್ಕೆ ಹಾಕಲು ಒಂದು ಹುಳವೂ ಉಳಿದಿರಲಿಲ್ಲ; ಅವಳು ಅವನ್ನು ಮತ್ತೆ ಒಗೆಯಲು ಹೊತ್ತುಕೊಂಡು ಇಳಿದಳು.